ತವರಿನ ಕಾಲು

ನನ್ನ ಕಾಲಿನ ಬಗ್ಗೆ ಕೊಚ್ಚಿಕೊಂಡಷ್ಟು ನಾನು ನನ್ನ ಓದಿನ ಬಗ್ಗೆಯಾಗಲೀ ಕೆಲಸದ ಬಗ್ಗೆಯಾಗಲೀ ಕೊಚ್ಚಿಕೊಂಡವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದಿನದೆಲ್ಲ ಯಾವಳೋ ಪಾಪದ ಹೆಂಗಸಿನ ಕಥೆಯ ಹಾಗೆ ಕೇಳಿಸೀತು. ನಾನು ಪಾಪದವಳಲ್ಲ. ಸಾಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಬಾಯಿ ಜೋರು, ಕೈಯೂ ಸ್ವಲ್ಪ ಮುಂದು. ಮಾಡಿದ್ದನ್ನೆಲ್ಲ ಬುದ್ಧಿ ಇದ್ದೇ ಮಾಡಿದ್ದೇನೆ.

ನನ್ನ ತವರು ತೀರ್ಥಹಳ್ಳಿ ಕಡೆ, ಕವಲೇದುರ್ಗದ ಕೆಳಗಿನ ಒಂದು ಊರು. ಅಪ್ಪಯ್ಯನಿಂದ ನನ್ನವರೆಗೆ ನಮ್ಮ ಮನೆಯವರ ಪಾದವೆಲ್ಲ ಒಂದೇ ಅಚ್ಚು. ಹಿಮ್ಮಡಿ ಮತ್ತು ಬೆರಳಿನ ಬುಡ ಮಾತ್ರ ನೆಲಕ್ಕೆ ತಾಗುತ್ತವೆ, ನಡುವಿನದು ಕಮಾನಿನ ಹಾಗೆ ಮೇಲೆದ್ದಿರುತ್ತದೆ. ಒದ್ದೆ ಕಾಲಿನಲ್ಲಿ ನಡೆದರೆ ಒಂದು ಹೆಜ್ಜೆಗೆ ಎರಡು ಗುರುತು, ಮುಂದೊಂದು ಹಿಂದೊಂದು, ನಡುವೆ ಒಣ ನೆಲ. ಹಬ್ಬದ ದಿನ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಅಕ್ಕಿಹಿಟ್ಟಿನಲ್ಲಿ ಬರೆಯುವ ಲಕ್ಷ್ಮಿಯ ಹೆಜ್ಜೆಗೂ ಇದಕ್ಕೂ ಹೋಲಿಕೆ ಹುಡುಕುವುದು ಕಷ್ಟವಲ್ಲ. ನಮ್ಮವರು ಹುಡುಕಿದ್ದರು. "ನಮ್ಮ ಮನೆ ಹೆಣ್ಣು ಕಾಲಿಟ್ಟಲ್ಲಿ ಕಡಿಮೆ ಅನ್ನೋದಿಲ್ಲ" ಎಂಬ ಮಾತನ್ನು ನಾನು ಹಾಲು ಕುಡಿಯುವಾಗಿನಿಂದ ಕೇಳಿದ್ದೇನೆ.

ನನ್ನನ್ನು ನೋಡಲು ಸಾಗರದವರು ಬಂದಾಗ ನನಗೆ ಇಪ್ಪತ್ತೆಂಟಾಗಿತ್ತು. ಹಿಂದೆ ಮೂರು ಕಡೆ ಮಾತಾಗಿ ಮುರಿದಿತ್ತು, ಹಾಗಾಗಿ ಮನೆಯಲ್ಲಿ ಎಲ್ಲರ ಜೀವ ಕೈಯಲ್ಲಿ. ಬಚ್ಚಲಲ್ಲಿ ಕಾಲು ತೊಳೆದುಕೊಂಡು ಕೆಂಪು ನೆಲದ ಮೇಲೆ ನಡೆದು ಬಂದೆ. ಅತ್ತೆಯಾಗುವವರು ನನ್ನ ಮುಖ ನೋಡುವ ಮೊದಲು ನೆಲ ನೋಡಿದರು. "ಈ ಹುಡುಗಿ ಹೆಜ್ಜೆ ನೋಡ್ರೇ, ಲಕ್ಷ್ಮಿ ಬಂದಂಗಿದೆ" ಅಂದರು. ಕಾಫಿ ಲೋಟ ಕೈಗೆ ಬರುವ ಮೊದಲೇ ಅರ್ಧ ಮಾತು ಮುಗಿದಿತ್ತು.

ಉಳಿದ ಅರ್ಧ ಅಪ್ಪಯ್ಯನದು. ಬಂದ ನೆಂಟರಿಗೆ ಎದ್ದು ನಿಲ್ಲದೆ ಅವರು ಕುರ್ಚಿಯಲ್ಲೇ ಕೂತಿದ್ದರು, ತೊಡೆಯ ಮೇಲಿನಿಂದ ಪಾದದವರೆಗೆ ಒಂದು ಶಾಲು. ಅವರು ನಡೆಯುವುದು ಬಿಟ್ಟು ಆಗಲೇ ಕೆಲವು ವರ್ಷ ಆಗಿತ್ತು. ಮೊದಲು ಪಾದದ ಮುಂಭಾಗ ಜೋಲು ಬಿತ್ತು, ಆಮೇಲೆ ಮೀನಖಂಡ ಸೊರಗಿ ಕೋಲಿನಂತಾಯಿತು, ಆಮೇಲೆ ಗೋಡೆ ಹಿಡಿದು ನಡೆದರು, ಆಮೇಲೆ ಅದೂ ಇಲ್ಲ. ಹುಡುಗನ ಕಡೆಯ ಹಿರಿಯರೊಬ್ಬರು ಕೇಳಿದರು: "ಯಜಮಾನ್ರಿಗೆ ಕಾಲಿಗೆ ಎಂತಾಗಿದ್ದು?"

"ಹಲಸಿನ ಮರದಿಂದ ಬಿದ್ರು" ಅಂದಳು ಅಮ್ಮ. "ಸೊಂಟಕ್ಕೆ ಪೆಟ್ಟಾಯ್ತು, ಆಮೇಲೆ ಕಾಲು ಬರ್ಲೇ ಇಲ್ಲ."

ನನಗೆ ತಿಳಿದ ಹಾಗೆ ಅಪ್ಪಯ್ಯ ಹಲಸಿನ ಮರ ಹತ್ತಿದವರೇ ಅಲ್ಲ. ನಾನು ತಟ್ಟೆ ಹಿಡಿದು ನಿಂತಿದ್ದೆ. ಅಪ್ಪಯ್ಯ ನನ್ನ ಕಡೆ ಒಂದು ಸಲ ನೋಡಿ, ಬಂದವರ ಕಡೆ ತಿರುಗಿ, "ಎತ್ತರದ ಮರ ಅದು" ಅಂತ ತಾವೇ ಸೇರಿಸಿದರು. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ನನಗೆ ಆ ಕ್ಷಣ ಬೇಜಾರಾಗಲಿಲ್ಲ. ಸದ್ಯ, ಬಚಾವಾದೆ ಅನ್ನಿಸಿತು. ಈಗ ನೆನೆಸಿಕೊಂಡರೆ ಮೈಯೆಲ್ಲ ಹಿಡಿಯಾಗುತ್ತದೆ.

ನಮ್ಮಲ್ಲಿ ಒಬ್ಬೊಬ್ಬರ ಕಾಲಿಗೂ ಒಂದೊಂದು ಕಾರಣ ಇತ್ತು. ಅಪ್ಪಯ್ಯನದು ಹಲಸಿನ ಮರ. ಅವರ ಸೋದರತ್ತೆಯೊಬ್ಬರು ಕೊನೆಗಾಲದಲ್ಲಿ ತೆವಳಿಕೊಂಡು ಓಡಾಡುತ್ತಿದ್ದರಂತೆ, ಅದು ಬಾಣಂತಿ ವಾತ. ಕಾಲಿನ ಚೆಂದ ಮಾತ್ರ ವಂಶದ್ದು, ಕಾಲಿನ ಕಷ್ಟ ಅವರವರ ಹಣೆಬರಹದ್ದು. "ಕಾಲು ಹೋಗೋ ಮನೆ" ಅಂತ ಒಂದು ಮಾತು ಹೊರಗೆ ಬಿದ್ದರೆ ಹೆಣ್ಣು ಕೊಡುವವರಿಲ್ಲ, ತರುವವರೂ ಇಲ್ಲ. ನನಗೂ ಕಾಲು ನೋಯುತ್ತಿತ್ತು. ಮೂರನೇ ಪೀರಿಯಡ್ ಹೊತ್ತಿಗೆ ಅಂಗಾಲಿನ ಮುಂಭಾಗ ಕೆಂಡ ತುಳಿದ ಹಾಗಾಗುತ್ತಿತ್ತು, ಮೇಜಿನ ಹಿಂದೆ ಚಪ್ಪಲಿ ಬಿಟ್ಟು ಒಂದು ಕಾಲಿನ ಮೇಲೆ ಇನ್ನೊಂದನ್ನು ಇಟ್ಟು ನಿಲ್ಲುತ್ತಿದ್ದೆ. ನಿಂತು ಕೆಲಸ ಮಾಡುವ ಹೆಂಗಸಿನ ಕಾಲು ನೋಯದೆ ಇರುತ್ತದೆಯೇ ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಮಗಳು ಹುಟ್ಟಿದಾಗ ಅತ್ತೆ ಬಟ್ಟೆ ಸರಿಸಿ ಮೊದಲು ನೋಡಿದ್ದು ಪಾದ. "ತಾಯಿಯದ್ದೇ ಬಂದಿದೆ" ಅಂದರು. ಸರಿ, ಅಲ್ಲಿಂದ ಶುರು. ಅವಳ ಕಾಲ್ಗುಣ ಒಳ್ಳೆಯದು ಅಂತ ಬಳಗದಲ್ಲೆಲ್ಲ ಸುದ್ದಿ. ಯಾರಾದರೂ ಹೊಸ ಅಂಗಡಿ ತೆಗೆದರೆ, ಕಾರು ತಂದರೆ, ಅವಳು ಮೊದಲು ಕಾಲಿಡಬೇಕು. ಅತ್ತೆ ತೀರಿಕೊಂಡ ಮೇಲೂ ಇದು ನಿಲ್ಲಲಿಲ್ಲ, ಯಾಕೆಂದರೆ ಕಳಿಸುತ್ತಿದ್ದವಳು ನಾನು. ಲಂಗ ಹಾಕಿಸಿ, ಗೆಜ್ಜೆ ಕಟ್ಟಿ, ಕರೆದವರ ಮನೆಗೆ ಕಳಿಸುತ್ತಿದ್ದೆ. "ನಮ್ಮ ತವರಿನ ಕಾಲು" ಅಂತ ಹೇಳಿಕೊಳ್ಳುವಾಗ ಒಂದು ಸುಖ ಇತ್ತು.

ಏಳೆಂಟು ವರ್ಷಕ್ಕೆಲ್ಲ ಆ ಕಾಲು ಹೊರಳತೊಡಗಿತು. ಸಮ ನೆಲದಲ್ಲೂ ಪಾದ ಹೊರಗಡೆಗೆ ಮಗುಚಿಕೊಳ್ಳುತ್ತಿತ್ತು. ಚಪ್ಪಲಿಯ ಹೊರ ಅಂಚು ಎರಡು ತಿಂಗಳಿಗೆ ಸವೆದು ಓರೆಯಾಗುತ್ತಿತ್ತು, ಒಳ ಅಂಚು ಹೊಸದರ ಹಾಗೆ. ಹೆಬ್ಬೆರಳಿನ ಬುಡದಲ್ಲಿ ಆಣಿ ಎದ್ದು ಗಟ್ಟಿಯಾಯಿತು. ಶಾಲೆಯ ಶೂ ಕೊಳ್ಳಲು ಹೋದಾಗ ಅಂಗಡಿಯವರು, "ಮೇಡಂ, ಮಗೂ ಪಾದ ಎತ್ತರ ಇದೆ, ಮೇಲ್ಗಡೆ ಒತ್ತುತ್ತೆ. ಬೆಲ್ಟಿನದು ಬೇಡ, ಲೇಸಿಂದು ತಗೊಳ್ಳಿ. ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಅಂದರು. ನಾನು, "ನೀವು ಶೂ ಕೊಡಿ, ಪಾದದ ವಿಷಯ ನಂಗೊತ್ತು" ಅಂದೆ. ಬೆಲ್ಟಿನದನ್ನೇ ತಂದೆ.

ಉಳುಕಿದಾಗಲೆಲ್ಲ ಆನಂದಪುರಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅಲ್ಲಿ ಒಬ್ಬ ಅಜ್ಜಿ ಇದ್ದರು, ಹುಟ್ಟುವಾಗ ಕಾಲು ಮುಂದಾಗಿ ಹುಟ್ಟಿದವರು. ಅಂಥವರು ತಮ್ಮ ಕಾಲಿನಿಂದ ಮೂರು ಸಲ ಮುಟ್ಟಿದರೆ ಉಳುಕು ಬಿಡುತ್ತದೆ ಅಂತ ನಂಬಿಕೆ. ಅಜ್ಜಿ ಮುಟ್ಟುತ್ತಿದ್ದರು, ಎಣ್ಣೆ ತಿಕ್ಕುತ್ತಿದ್ದರು. ನಾಲ್ಕನೇ ಸಲ ಹೋದಾಗ ಅವರೇ ಕೈ ತೊಳೆದುಕೊಂಡು, "ಇದು ಉಳುಕಲ್ಲ ಕಣೇ. ಉಳುಕು ಅಂದ್ರೆ ಬರುತ್ತೆ, ಹೋಗುತ್ತೆ. ದೊಡ್ಡಾಸ್ಪತ್ರೆಗೆ ತೋರ್ಸು" ಅಂದರು. ಅಕ್ಷರ ಬಾರದ ಅಜ್ಜಿ ಅದು. ನಾನು ಬಿ.ಎಸ್ಸಿ., ಬಿ.ಎಡ್.

ಹೊಸನಗರದಲ್ಲಿ ನಾದಿನಿ ಮನೆ ಕಟ್ಟಿಸಿದಳು. ಮಗಳಿಗೆ ಆಗ ಹನ್ನೆರಡು ತುಂಬಿತ್ತು. "ಅತ್ತಿಗೆ, ಗೃಹಪ್ರವೇಶಕ್ಕೆ ಕಳಶ ಹಿಡ್ಕಂಡು ಮೊದ್ಲು ಒಳಗೆ ಬರೋದು ನಮ್ಮ ಪುಟ್ಟಿನೇ" ಅಂತ ನಾದಿನಿ ಮೂರು ತಿಂಗಳ ಮೊದಲೇ ಫೋನು ಮಾಡಿದ್ದಳು. ಮಗಳು ಆ ಬೆಳಿಗ್ಗೆ, "ಅಮ್ಮ, ಕಾಲು ತುಂಬ ನೋಯ್ತಿದೆ. ಬೇರೆ ಯಾರಾದ್ರೂ ಹಿಡೀಲಿ" ಅಂದಳು. ನಾನು, "ನಾಟಕ ಬೇಡ. ಹತ್ತು ಹೆಜ್ಜೆ ಇಡೋದಕ್ಕೆ ಏನು ಸೊಂಟ ಬಿದ್ಹೋಗುತ್ತಾ" ಅಂದೆ.

ಕರಿಕಲ್ಲಿನ ಹೊಸ್ತಿಲು, ಸ್ವಲ್ಪ ಎತ್ತರವೇ. ಹಿಂದೆ ನಾದಿನಿ, ಅವಳ ಗಂಡ, ಭಟ್ಟರು, ಐವತ್ತು ಅರವತ್ತು ಜನ. ಮಗಳು ಕಳಶ ಹಿಡಿದು ಬಲಗಾಲು ಎತ್ತಿದಳು. ಎತ್ತಿದೆನೆಂದು ಅವಳು ತಿಳಿದಿದ್ದಳು, ಪಾದದ ಮುಂಭಾಗ ಎದ್ದಿರಲಿಲ್ಲ. ಬೆರಳು ಹೊಸ್ತಿಲಿಗೆ ಸಿಕ್ಕಿ ಮುಗ್ಗರಿಸಿದಳು. ಕಳಶ ಉರುಳಿತು, ತೆಂಗಿನಕಾಯಿ ನಡುಮನೆಯವರೆಗೆ ಹೋಯಿತು, ನೀರೆಲ್ಲ ಚೆಲ್ಲಿತು. ಮೊದಲು ಬಾಯಿ ತೆಗೆದವಳು ನಾನು. "ಕಣ್ಣೆಲ್ಲಿಟ್ಟಿದ್ದೆ" ಅಂತ ರಟ್ಟೆ ಹಿಡಿದು ಎಬ್ಬಿಸಿ, ಎಲ್ಲರೆದುರು ಕೆನ್ನೆಗೆ ಬಾರಿಸಿದೆ. ಮಂಡಿ ತರಚಿ ಲಂಗಕ್ಕೆ ರಕ್ತ ಹತ್ತಿದ್ದು ನನಗೆ ಕಂಡದ್ದು ಆಮೇಲೆ.

ಭಟ್ಟರು, ಮಗು ಬಿದ್ದರೆ ದೋಷ ಇಲ್ಲ ಅಂತ ಇನ್ನೊಂದು ಕಳಶ ಇಡಿಸಿದರು. ಊಟದ ಪಂಕ್ತಿಯಲ್ಲಿ ಮಾತ್ರ ಮಾತು ಹರಿದಾಡಿತು. ಕಾಲ್ಗುಣ ಅಂತ ಕರೆಸಿ ಹೀಗಾಯ್ತಲ್ಲ ಅಂತ ಒಬ್ಬರು, ದೊಡ್ಡವಳಾಗ್ತಾ ಗುಣ ತಿರುಗುತ್ತೆ ಅಂತ ಇನ್ನೊಬ್ಬರು. ಆ ವರ್ಷವೇ ಅವರ ಹೊಸ ಬಾವಿ ಕೈಕೊಟ್ಟಿತು. ನಾದಿನಿ ಪುಟ್ಟಿಯನ್ನು ಕರೆಯುವುದನ್ನು ಬಿಟ್ಟಳು. ಒಳ್ಳೆ ಕಾಲು ಅಂತ ಊರೆಲ್ಲ ಸಾರಿದವಳು ನಾನು, ಈಗ ಕಾಲಿಗೂ ಬಾವಿಗೂ ಏನು ಸಂಬಂಧ ಅಂತ ಯಾವ ಬಾಯಲ್ಲಿ ಹೇಳಲಿ?

ಗಂಡ ಇಷ್ಟು ವರ್ಷ ಈ ವಿಷಯದಲ್ಲಿ ತಲೆ ಹಾಕಿದವರಲ್ಲ. ಹೊಸನಗರದಿಂದ ಬಂದ ವಾರ, "ಹೊಡೆದಿದ್ದು ತಪ್ಪು. ನಾಳೆ ಡಾಕ್ಟ್ರ ಹತ್ರ ಹೋಗೋಣ" ಅಂದರು, ನನ್ನನ್ನು ಕೇಳದೆ ನಂಬರ್ ಹಚ್ಚಿಸಿ ಬಂದರು.

ಸಾಗರದ ಮೂಳೆ ಡಾಕ್ಟರು ವಯಸ್ಸಾದವರು, ಸಮಾಧಾನದವರು. ಮಗಳ ಪಾದವನ್ನು ನೀರಲ್ಲಿ ಅದ್ದಿಸಿ ಕಂದು ಕಾಗದದ ಮೇಲೆ ನಿಲ್ಲಿಸಿದರು. ಎರಡು ತುಂಡು ಗುರುತು ಬಿತ್ತು. ಪೆನ್ನಿನಲ್ಲಿ ಸುತ್ತ ಗೆರೆ ಎಳೆದು, "ನೋಡಿ, ಇಡೀ ಪಾದ ಹೊರಬೇಕಾದ ಭಾರನ ಈ ಎರಡು ಜಾಗ ಮಾತ್ರ ಹೊರ್ತಿದೆ. ಅದಕ್ಕೇ ಆಣಿ, ಅದಕ್ಕೇ ನೋವು. ಹಿಮ್ಮಡಿ ಒಳಗೆ ವಾಲಿದೆ, ಅದಕ್ಕೇ ಹೊರಗಡೆ ಹೊರಳೋದು" ಅಂದರು. ನಾನು ಹೆಮ್ಮೆಪಟ್ಟ ಗುರುತು ಅದು, ಅವರ ಪೆನ್ನಿನ ತುದಿಯಲ್ಲಿ ಕಾಯಿಲೆಯಾಗಿ ಕೂತಿತ್ತು.

"ಹೆದರ್ಕೋಬೇಡಿ. ಬಹಳ ಜನಕ್ಕೆ ಕಮಾನು ಎತ್ತರ ಇರುತ್ತೆ" ಅಂತ ಮುಂದುವರಿಸಿದರು. "ಇದ್ದ ಹಾಗೇ ಇದ್ರೆ ಅಗಲದ ಒಳ್ಳೆ ಶೂ, ಒಳಗೆ ಅಳತೆಗೆ ಮಾಡಿಸಿದ ಮೆತ್ತೆ, ಮೀನಖಂಡ ಎಳೆಯೋ ವ್ಯಾಯಾಮ, ಇಷ್ಟು ಸಾಕು. ಆದ್ರೆ ವರ್ಷದಿಂದ ವರ್ಷಕ್ಕೆ ಏರ್ತಾ ಹೋಗ್ತಿದ್ರೆ, ಬೀಳೋದು ಜಾಸ್ತಿ ಆಗ್ತಿದ್ರೆ, ತೊಂದ್ರೆ ಪಾದದ್ದಲ್ಲದೇ ಇರ್ಬಹುದು, ನರದ್ದಿರ್ಬಹುದು. ಅದು ವಂಶದಲ್ಲಿ ಬರುತ್ತೆ. ಅದಕ್ಕೇ ಕೇಳ್ತೀನಿ, ನಿಮ್ಮಿಬ್ಬರ ಮನೇಲಿ ನಡೆಯೋಕೆ ಕಷ್ಟ ಆದವರು ಯಾರಾದ್ರೂ ಇದಾರಾ?"

ಗಂಡ ಯೋಚನೆ ಮಾಡಿ, "ಇವಳ ತಂದೆಗೆ ಕಾಲು ಬರ್ತಿರ್ಲಿಲ್ಲ. ಆದ್ರೆ ಅದು ಮರದಿಂದ ಬಿದ್ದಿದ್ದು. ಅಲ್ವೇನೇ?" ಅಂತ ನನ್ನ ಕಡೆ ತಿರುಗಿದರು.

"ಹೌದು" ಅಂದೆ.

ಒಂದೇ ಮಾತು. ನನ್ನ ಪಾದ ಕುರ್ಚಿಯ ಕೆಳಗೆ ಸೀರೆಯ ನೆರಿಗೆಯೊಳಗೆ ಸೇರಿಕೊಂಡಿತ್ತು. ಅಪ್ಪಯ್ಯ ಆಗಲೇ ತೀರಿಕೊಂಡಿದ್ದರು, ಸುಳ್ಳನ್ನು ಕಾಯಬೇಕಾದ ಯಾವ ಕಾರಣವೂ ಉಳಿದಿರಲಿಲ್ಲ. ಆದರೂ ಗಂಡ ಪಕ್ಕದಲ್ಲಿ ಕೂತಿರುವಾಗ, ನಿಮಗೆ ಮೋಸ ಮಾಡಿ ಮದುವೆ ಮಾಡಿದರು ಅಂತ ಹೇಗೆ ಹೇಳಲಿ ಅನ್ನಿಸಿತು. ಡಾಕ್ಟರು ಚೀಟಿಯಲ್ಲಿ ಏನೋ ಹೊಡೆದುಹಾಕಿದರು. ಬಹುಶಃ ನರದ ಪರೀಕ್ಷೆಯನ್ನೇ. ಮೆತ್ತೆ ಬರೆದುಕೊಟ್ಟು, ಆರು ತಿಂಗಳಿಗೆ ತಪ್ಪದೆ ಬನ್ನಿ ಅಂದರು.

ಆರು ತಿಂಗಳಿಗೆ ನಾನು ಹೋಗಲಿಲ್ಲ. ಪರೀಕ್ಷೆ ಪೇಪರ್ ತಿದ್ದುವುದಿದೆ, ಮಳೆ, ಮುಂದಿನ ವಾರ, ಅಂತ ಒಂದೊಂದು ನೆವ. ಹೋದರೆ ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ ಅನ್ನುವುದೇ ನಿಜವಾದ ಕಾರಣ. ಆ ಚಳಿಗಾಲದಲ್ಲಿ ಹತ್ತನೇ ಕ್ಲಾಸಿಗೆ ಅನುವಂಶೀಯತೆಯ ಪಾಠ ಮಾಡಿದೆ. ಬೋರ್ಡಿನ ಮೇಲೆ ಬಟಾಣಿ ಗಿಡ ಬರೆದು, ತಂದೆ ತಾಯಿಯ ಗುಣ ಮಕ್ಕಳಿಗೆ ಹೇಗೆ ಹೋಗುತ್ತದೆ ಅಂತ ವಿವರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಕಾಯಿಲೆನೂ ಹಂಗೇ ಬರುತ್ತಾ?" ಅಂತ ಕೇಳಿದಳು. "ಕೆಲವು ಬರುತ್ತೆ. ಮೊದಲೇ ಗೊತ್ತಾದ್ರೆ ಉಪಾಯ ಮಾಡ್ಬಹುದು" ಅಂತ ಉತ್ತರ ಕೊಟ್ಟು ಬೋರ್ಡು ಒರೆಸಿದೆ. ಎಂಥಾ ಗಟ್ಟಿ ಜೀವ ನೋಡಿ ನನ್ನದು.

ಆಮೇಲೆ ಸದ್ದು ಶುರುವಾಯಿತು. ಮಗಳು ನಡೆಯುವಾಗ ಹಿಮ್ಮಡಿ ಊರಿದ ಮೇಲೆ ಪಾದದ ಮುಂಭಾಗ ನೆಲಕ್ಕೆ ಪಟ್ ಅಂತ ಬೀಳುತ್ತಿತ್ತು. ಮೆಟ್ಟಿಲು ಹತ್ತುವಾಗ ಮಂಡಿಯನ್ನು ಬೇಕಾದ್ದಕ್ಕಿಂತ ಮೇಲೆ ಎತ್ತುತ್ತಿದ್ದಳು. ಆ ಸದ್ದು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಜಗಲಿಯಿಂದ ಬಚ್ಚಲಿಗೆ ಅಪ್ಪಯ್ಯ ನಡೆದು ಹೋಗುವುದನ್ನು ನಾನು ಒಳಗೆ ಓದುತ್ತಾ ಕೂತೇ ಹೇಳಬಲ್ಲವಳಾಗಿದ್ದೆ. ಅದು ಕೇಳಿಸಿದಾಗಲೆಲ್ಲ ನಾನು, "ಕಾಲೆತ್ತಿ ನಡಿಯೇ, ಎಮ್ಮೆ ನಡೆದಂಗೆ ನಡೀಬೇಡ" ಅಂತ ಗದರುತ್ತಿದ್ದೆ. ಅವಳು ಮನೆಯಲ್ಲಿ ನಾನಿರುವಾಗ ಕಡಿಮೆ ನಡೆಯತೊಡಗಿದಳು. ಪುಸ್ತಕ, ನೀರಿನ ಬಾಟಲಿ, ಚಾರ್ಜರ್, ಎಲ್ಲ ಕೈಗೆಟುಕುವ ಹಾಗೆ ಸುತ್ತ ಇಟ್ಟುಕೊಂಡು ಒಂದೇ ಕಡೆ ಕೂತಿರುತ್ತಿದ್ದಳು. ಮಗಳು ಓದಿನಲ್ಲಿ ಮುಂದೆ ಬಂದಳು ಅಂತ ನಾನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ.

ಒಂಬತ್ತನೇ ಕ್ಲಾಸಿನಲ್ಲಿ ಅವಳ ಶಾಲೆಯವರು ಕವಲೇದುರ್ಗಕ್ಕೆ ಪ್ರವಾಸ ಇಟ್ಟರು. ಬೇಡ ಅನ್ನಬೇಕಾಗಿತ್ತು. ಅಜ್ಜಿಯ ಊರು, ಹೋಗಿ ಬರಲಿ ಅಂದೆ. ಕೋಟೆ ಹತ್ತುವ ದಾರಿಯೆಲ್ಲ ಕಲ್ಲುಚಪ್ಪಡಿ. ಹತ್ತುವಾಗ ಹೇಗೋ ಹತ್ತಿದಳಂತೆ, ಇಳಿಯುವಾಗ ಪಾದ ಮಗುಚಿ, ಕಣಕಾಲು ಊದಿಕೊಂಡು, ಇಬ್ಬರು ಟೀಚರ್‌ಗಳು ಹೊತ್ತುಕೊಂಡು ಇಳಿಸಿದರಂತೆ. ತೀರ್ಥಹಳ್ಳಿಯ ಒಂದು ಆಸ್ಪತ್ರೆಗೆ ಸೇರಿಸಿ ನಮಗೆ ಫೋನು ಮಾಡಿದರು. ನಾವು ಸಾಗರದಿಂದ ಹೋಗುವಷ್ಟರಲ್ಲಿ ಅಮ್ಮ ಊರಿಂದ ಬಂದು ಹಾಸಿಗೆಯ ಪಕ್ಕ ಕೂತಿದ್ದಳು.

ಮೂಳೆ ಮುರಿದಿರಲಿಲ್ಲ. ಆದರೆ ಅಲ್ಲಿಗೆ ವಾರಕ್ಕೊಂದು ದಿನ ಬರುವ ನರದ ಡಾಕ್ಟರು ಆ ದಿನ ಇದ್ದರು, ನನಗಿಂತ ಚಿಕ್ಕ ಹೆಂಗಸು. ಮಗಳ ಎರಡೂ ಕಾಲನ್ನು ಚಾದರದಿಂದ ಹೊರಗೆ ತೆಗೆದು, ಸಣ್ಣ ಸುತ್ತಿಗೆಯಿಂದ ಹಿಮ್ಮಡಿಯ ಮೇಲೆ ಬಡಿದು ನೋಡಿದರು, ಪಾದ ಜಗ್ಗಲಿಲ್ಲ. ಬೆರಳುಗಳನ್ನು ಮೇಲೆತ್ತು ಅಂದರು, ಅವು ಸರಿಯಾಗಿ ಮೇಲೇಳಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿ ಕೇಳಿದರು: "ಮನೇಲಿ ಯಾರಿಗಾದ್ರೂ ಹೀಗಿತ್ತಾ?"

ಅಮ್ಮ ಕೂಡಲೇ, "ಇವಳ ಅಜ್ಜಯ್ಯಂಗೆ ಕಾಲು ಬರ್ತಿರ್ಲಿಲ್ಲ, ಅದು ಹಲಸಿನ ಮರದಿಂದ ಬಿದ್ದಿದ್ದು" ಅಂದಳು. ಅವಳಿಗೆ ಅದು ಬಾಯಿಪಾಠ ಆಗಿಹೋಗಿತ್ತು. ಹೇಳುವಾಗ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಇನ್ನು ಹತ್ತು ವರ್ಷಕ್ಕೆ ನನ್ನ ಮುಖವೂ ಹಾಗೇ ಆಗುತ್ತದೆ ಅನ್ನಿಸಿತು. ಡಾಕ್ಟರು ಬರೆದುಕೊಳ್ಳಲು ಪೆನ್ನು ಎತ್ತಿದರು. ಮಗಳು ಹಾಸಿಗೆಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಹೇಳುತ್ತೇನೆ ಅಂತ ಕಾಯುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು.

"ಅಲ್ಲ" ಅಂದೆ. "ಅವರು ಮರದಿಂದ ಬೀಳ್ಲಿಲ್ಲ. ಮರ ಹತ್ತಿದವರೇ ಅಲ್ಲ. ಇವಳಿಗೆ ಆದ ಹಾಗೇ ಆಗಿದ್ದು. ಅವರ ಸೋದರತ್ತೆಗೂ ಆಗಿತ್ತು."

"ಸುಮ್ನಿರೇ" ಅಂದಳು ಅಮ್ಮ, ತಗ್ಗಿದ ದನಿಯಲ್ಲಿ. "ಅಳಿಯಂದಿರಿದಾರೆ."

"ಇರ್ಲಿ" ಅಂದೆ.

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ಕೇಳಿದರು: "ನಿಮ್ಮ ಕಾಲು ತೋರಿಸ್ತೀರಾ?" ಚಪ್ಪಲಿ ಬಿಟ್ಟೆ. ಸೀರೆ ಸ್ವಲ್ಪ ಎತ್ತಿ ಹಿಡಿದೆ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸಿ ಅಂದರು. ಮುಂಗಾಲು ಎತ್ತಲು ನೋಡಿದೆ, ಆಗಲಿಲ್ಲ. ಮಂಚದ ಸರಳು ಹಿಡಿದು ಮತ್ತೆ ನೋಡಿದೆ. ನನ್ನ ಪಾದ ನೆಲಕ್ಕೆ ಪಟ್ ಅಂತ ಬಿತ್ತು. ಗಂಡ, ಅಮ್ಮ, ಮಗಳು, ಬಾಗಿಲಲ್ಲಿ ನಿಂತಿದ್ದ ಅವಳ ಇಬ್ಬರು ಟೀಚರ್‌ಗಳು, ಎಲ್ಲರೂ ನೋಡಿದರು. ಮದುವೆಯ ದಿನವೂ ನನ್ನ ಕಾಲನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

ಮಗಳ ಪಾದವನ್ನು ಮೇಲೆ ಮಡಚಿ ನೋಡುತ್ತಾ ಡಾಕ್ಟರು ಹೇಳಿದರು, ನಾನು ನಿರೀಕ್ಷಿಸಿದ ಬೈಗುಳ ಅದರಲ್ಲಿರಲಿಲ್ಲ. "ಈ ಕಾಯಿಲೆ ಪೂರ್ತಿ ವಾಸಿಯಾಗೋದಲ್ಲ, ಆದ್ರೆ ಜೀವಕ್ಕೆ ಅಪಾಯ ಅಂತ ಇಲ್ಲ. ನಿಧಾನ ಬರುತ್ತೆ, ಒಬ್ಬೊಬ್ಬರಿಗೆ ಒಂದೊಂದು ಥರ. ಎಷ್ಟೋ ಜನ ಕೊನೇತನಕ ನಡೀತಾರೆ. ಪಾದ ಎತ್ತಿ ಹಿಡಿಯೋ ಬ್ರೇಸ್ ಹಾಕ್ಕೊಂಡು, ದಿನಾ ಸ್ನಾಯು ಎಳೆಯೋ ವ್ಯಾಯಾಮ ಮಾಡಿದ್ರೆ ಬೀಳೋದು ಕಮ್ಮಿ ಆಗುತ್ತೆ. ಹೋದ ವರ್ಷ ಬಂದಿದ್ರೆ ಹಿಮ್ಮಡಿ ಹಿಂದೆ ಇಷ್ಟು ಬಿಗಿ ಆಗ್ತಿರ್ಲಿಲ್ಲ. ಈಗ ವ್ಯಾಯಾಮದಲ್ಲಿ ಸಡಿಲ ಆಗದಿದ್ರೆ ಒಂದು ಸಣ್ಣ ಆಪರೇಷನ್ ಬೇಕಾಗ್ಬಹುದು." ಹೋದ ವರ್ಷ ನಾವು ಇನ್ನೊಬ್ಬ ಡಾಕ್ಟರ ಎದುರು ಕೂತಿದ್ದೆವು, ಅವರು ಇದೇ ಪ್ರಶ್ನೆ ಕೇಳಿದ್ದರು ಅಂತ ನಾನು ಹೇಳಲಿಲ್ಲ. ಗಂಡನಿಗೆ ಗೊತ್ತಿತ್ತು. ನನ್ನನ್ನೂ ಒಂದು ದಿನ ಬಂದು ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ, ಅವರು ಮುಂದಿನ ರೋಗಿಯ ಕಡೆ ಹೋದರು.

ವಾಪಸ್ ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೋಗಿದ್ದಳು. ಹೊಸನಗರ ದಾಟಿದ ಮೇಲೆ ಗಂಡ, "ಹದಿನೇಳು ವರ್ಷ ಆಯ್ತು. ನಾನೇನು ನಿನ್ನ ಬಿಟ್ಟುಬಿಡ್ತಿದ್ನಾ?" ಅಂದರು.

ನನಗೆ ಸಿಟ್ಟು ಬಂತು. ತಪ್ಪು ನನ್ನದಿದ್ದಾಗಲೇ ನನಗೆ ಸಿಟ್ಟು ಜಾಸ್ತಿ. "ನಿಮಗೆ ಹೆದರಿದ್ದಲ್ಲ, ನಿಮ್ಮಮ್ಮಂಗೆ" ಅಂದೆ.

"ಅಮ್ಮ ಹೋಗಿ ಆರು ವರ್ಷ ಆಯ್ತಲ್ಲೇ" ಅಂದರು ಅವರು.

ಆರು ವರ್ಷದಿಂದ ನಾನು ಯಾರಿಗೆ ಹೆದರಿದ್ದೆ? ಯಾರಿಗೂ ಇಲ್ಲ. ಲಕ್ಷ್ಮಿ ಕಾಲಿನವಳು ಅಂತ ಅನ್ನಿಸಿಕೊಂಡು ಬಂದ ಮನೆಯಲ್ಲಿ, ರೋಗದ ಕಾಲಿನವಳಾಗಿ ಬಾಳುವುದು ನನಗೆ ಬೇಕಿರಲಿಲ್ಲ, ಅಷ್ಟೇ. ಆ ಅಹಂಕಾರಕ್ಕೆ ಮಗಳ ಒಂದು ವರ್ಷ ಹೋಯಿತು. ಕಾಯಿಲೆ ಕೊಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ, ಅದು ಯಾರ ಕೈಯಲ್ಲೂ ಇರುವುದಲ್ಲ. ಗೊತ್ತಿದ್ದೂ ಮುಚ್ಚಿಟ್ಟು, ಬಿದ್ದವಳಿಗೆ ಹೊಡೆದೆನಲ್ಲ, ಅದಕ್ಕೆ ನಾಚಿಕೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗಲೂ ಅದು ನೆನಪಾಗಿ ಕನ್ನಡಿಯಿಂದ ಮುಖ ತಿರುಗಿಸುತ್ತೇನೆ.

ಮರುದಿನ ನಾದಿನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ, ಅಪ್ಪಯ್ಯನದು, ನನ್ನದು, ಹೊಸ್ತಿಲಲ್ಲಿ ಮಗಳು ಎಡವಿದ್ದು ಯಾಕೆ ಅನ್ನುವುದು. ನಾದಿನಿ, "ಅತ್ತಿಗೆ, ಅವತ್ತು ಪುಟ್ಟಿ ನನ್ನ ಹತ್ರ ಬಂದು, ಅತ್ತೆ, ಕಾಲು ನೋಯ್ತಿದೆ, ನಾನು ಹಿಡಿಯಲ್ಲ ಅಂದಿದ್ಲು. ನಿಮ್ಮಮ್ಮನ್ನ ಕೇಳು ಅಂತ ಕಳಿಸ್ದೆ" ಅಂದು ಅತ್ತಳು. ಅವಳಾದರೂ ಅತ್ತಳು. ನನಗೆ ಅಳುವುದಕ್ಕೂ ಮುಖವಿರಲಿಲ್ಲ.

ಈಗ ಆರು ತಿಂಗಳಾಗಿದೆ. ಮಗಳು ಶೂ ಒಳಗೆ ಬಿಳಿ ಬ್ರೇಸ್ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಆಪರೇಷನ್ ವಿಷಯ ಬೇಸಿಗೆ ರಜೆಯಲ್ಲಿ ನಿರ್ಧಾರ ಆಗಬೇಕು. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು ಚಾಪೆ ಹಾಸಿ ಕೂತು, ಟವೆಲನ್ನು ಪಾದಕ್ಕೆ ಸಿಕ್ಕಿಸಿ ಎಳೆಯುವ ವ್ಯಾಯಾಮ ಮಾಡುತ್ತಾಳೆ. ನಾನು ಪಕ್ಕದಲ್ಲಿ ಕೂ​ತು ಮೂವತ್ತರವರೆಗೆ ಎಣಿಸುತ್ತೇನೆ. ಹಿಂದಿನ ಯಾವುದನ್ನೂ ಅವಳು ಎತ್ತುವುದಿಲ್ಲ. ಎತ್ತಿ ಬಯ್ಯಲಿ ಅಂತ ನಾನು ಕಾಯುತ್ತಿರುತ್ತೇನೆ. ತೀರ್ಥಹಳ್ಳಿಯ ಡಾಕ್ಟರು ನನಗೆ ಹೇಳಿದ ಪರೀಕ್ಷೆಗೆ ಇನ್ನೂ ಹೋಗಿಲ್ಲ. ಮೊದಲು ಅವಳದಾಗಲಿ, ರಜ ಬೇರೆ ಇಲ್ಲ ಅಂತ ಮುಂದೂಡಿದ್ದೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಎಡಗಾಲು ಮುಗಿಸಿ ಬಲಗಾಲಿಗೆ ಟವೆಲ್ ಸಿಕ್ಕಿಸುತ್ತಾ ಅವಳು ಕೇಳಿದಳು: "ಅಮ್ಮ, ಅಜ್ಜಯ್ಯ ನಡೆಯೋದು ಬಿಟ್ಟಾಗ ಅವರಿಗೆ ಎಷ್ಟು ವರ್ಷ?"

ಅರವತ್ತು ಅನ್ನಬಹುದಿತ್ತು. ನೆನಪಿಲ್ಲ ಅನ್ನಬಹುದಿತ್ತು, ನಂಬುತ್ತಿದ್ದಳು. "ನಲವತ್ತೊಂಬತ್ತು" ಅಂದೆ. ಅಪ್ಪಯ್ಯನ ಕಾಲಿನ ಬಗ್ಗೆ ನಾನು ನೇರವಾಗಿ ಅವಳಿಗೇ ಹೇಳಿದ ಮೊದಲ ನಿಜ.

ಅವಳು ಟವೆಲ್ ಬಿಟ್ಟು ಬೆರಳು ಮಡಚಿ ಲೆಕ್ಕ ಹಾಕತೊಡಗಿದಳು. ಎಲ್ಲರಿಗೂ ಹಾಗಾಗಲ್ಲ, ನಿಂಗೆ ಬ್ರೇಸ್ ಇದೆ, ವ್ಯಾಯಾಮ ಇದೆ, ನಿಂಗಿನ್ನೂ ಹದಿನಾಲ್ಕು ಅಂತ ಹೇಳಲು ನಾನು ಬಾಯಿ ತೆರೆದೆ. ಅವಳ ಬೆರಳು ನಾಲ್ಕಕ್ಕೆ ನಿಂತಿತು.

"ನಿಂಗೆ ನಲವತ್ತೈದು" ಅಂದಳು. "ನಾಳೆ ರಜ ಹಾಕಮ್ಮ. ನಾನೂ ಬರ್ತೀನಿ ನಿನ್ ಜೊತೆ."